ಮಿಲ್ಲಿನ ಬಿಸಿನೀರು, ಅವ್ವನ ಕೈಗುಣ

ಹೋದ ಗುರುವಾರ ಸಂಜೆ ಆದವಾನಿಯ ಬಜಾರಿನಲ್ಲಿ ಮಗನ ಶಾಲೆಯ ಅಂಗಿಗೆ ಬಟ್ಟೆ ಆರಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಲೋಬಾನದ ಫಕೀರರು ಅಂಗಡಿಯೊಳಗೆ ಬಂದರು. ಒಂದು ಕೈಯಲ್ಲಿ ಕೆಂಡದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿ. ಗುರುವಾರ ಅವರು ಅಂಗಡಿ ಅಂಗಡಿಗೂ ಹೊಗೆ ಹಾಕಿ ಹೋಗುವುದು ಇಲ್ಲಿ ಯಾರಿಗೂ ಹೊಸದಲ್ಲ. ಗಲ್ಲಾಪೆಟ್ಟಿಗೆಗೆ ಒಂದಿಷ್ಟು, ಬಟ್ಟೆಯ ತಾನುಗಳಿಗೆ ಒಂದಿಷ್ಟು, ಉಳಿದದ್ದೆಲ್ಲ ಗಿರಾಕಿಯ ಮೂಗಿಗೆ. ನಾನು ಯಾವಾಗಲೂ ಸೆರಗನ್ನು ಮೂಗಿಗೆ ಹಿಡಿದು ಗೊಣಗುವವಳು. ಅವತ್ತು ಮಾತ್ರ ಸೆರಗು ಎತ್ತಲಿಲ್ಲ. ಆ ಹೊಗೆಯ ಹಿಂದೆಯೇ ಹರಳೆಣ್ಣೆಯ ವಾಸನೆ, ಕಡಲೆಹಿಟ್ಟಿನ ವಾಸನೆ, ಎಳೆಗೂಸಿನ ಒದ್ದೆ ತಲೆಯ ವಾಸನೆ ಒಂದೊಂದಾಗಿ ಎದ್ದು ಬಂದವು. ಅಂಗಡಿಯವರು “ಎಷ್ಟು ಮೀಟರ್ ಕೊಡಲ್ಯಮ್ಮಾ?” ಎಂದು ಎರಡು ಸಲ ಕೇಳಿದರು. ನಮ್ಮ ಲೈನಿನ ಎರೆಯೋ ಅವ್ವ ನೆನಪಾಗಿದ್ದಳು...

ಬಾಣಂತಿಗೂ ಕೂಸಿಗೂ ನೀರೆರೆಯುವವಳಾದ್ದರಿಂದ ಆಕೆ ಎರೆಯೋ ಅವ್ವ. ಆಕೆಗೂ ಒಂದು ಹೆಸರು ಇತ್ತು, ರೇಷನ್ ಕಾರ್ಡಿನಲ್ಲಿ ಇದ್ದಿರಲೇಬೇಕು; ಲೈನಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಲೈನು ಅಂದರೆ ಹತ್ತಿಕಾಳಿನ ಎಣ್ಣೆ ಮಿಲ್ಲಿನ ಹಿಂದಿನ ಗೋಡೆಯ ಬಳಿ ಎದುರುಬದುರಾಗಿ ಕಟ್ಟಿದ ಮನೆಗಳ ಎರಡು ಸಾಲು. ಹಮಾಲಿಗಳು, ಬಾಯ್ಲರಿನವರು, ಹಿಂಡಿ ತುಂಬುವ ಹೆಂಗಸರು ಎಲ್ಲರೂ ಅಲ್ಲೇ. ನನ್ನ ಗಂಡ ಆ ಮಿಲ್ಲಿನ ಫಿಟ್ಟರ್. ನಾನು ಹಾಲಹರವಿ ಕಡೆಯವಳು, ಮದುವೆಯಾಗಿ ಈ ಲೈನಿಗೆ ಬಂದೆ. ನನಗೆ ತಾಯಿಯೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಮೊದಲ ಬಸುರಿನಲ್ಲಿ ಏಳನೆಯ ತಿಂಗಳಿಗೆ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಮಂಡಕ್ಕಿ, ತಂದುಕೊಟ್ಟವಳೂ ಎರೆಯೋ ಅವ್ವನೇ, ಹೆರಿಗೆಗೆ ಆಟೊ ಕರೆಸಿದವಳೂ ಆಕೆಯೇ. ತವರು ಅಂದರೆ ಏನೆಂದು ನಾನು ಗಂಡನ ಮನೆಯ ಎದುರು ಬಾಗಿಲಿನಲ್ಲಿ ಕಂಡೆ.

ನಮ್ಮ ಲೈನಿನಲ್ಲಿ ಬಿಸಿನೀರಿಗೆ ಒಲೆ ಹಚ್ಚುವ ರೂಢಿಯೇ ಇರಲಿಲ್ಲ. ಎಣ್ಣೆ ಕಾಯಿಸಿ ಶುದ್ಧ ಮಾಡುವ ಯಂತ್ರಗಳನ್ನು ತಣ್ಣಗಿಡಲು ಮಿಲ್ಲಿನೊಳಗೆ ಹಗಲೂ ರಾತ್ರಿ ನೀರು ಸುತ್ತುತ್ತಿರಬೇಕು. ಯಂತ್ರದ ಬಿಸಿ ಹೊತ್ತು ಬಂದ ನೀರನ್ನು ಎತ್ತರದ ಕೂಲಿಂಗ್ ಟವರಿನಿಂದ ಉದುರಿಸಿ ಗಾಳಿಗೆ ಆರಿಸುತ್ತಾರೆ, ಆರಿದ್ದನ್ನು ಮತ್ತೆ ಯಂತ್ರಕ್ಕೆ ಕಳಿಸುತ್ತಾರೆ. ಹಾಗೆ ಸುತ್ತಿ ಸುತ್ತಿ ನೀರಿನಲ್ಲಿ ಉಪ್ಪು ಹೆಚ್ಚುತ್ತದೆ. ಆಗಾಗ ಒಂದಿಷ್ಟು ಹೊರಗೆ ಬಿಟ್ಟು ಹೊಸ ನೀರು ಸೇರಿಸದಿದ್ದರೆ ಪೈಪುಗಳು ಕಟ್ಟಿಕೊಳ್ಳುತ್ತವೆ. ಹೊರಗೆ ಬಿಡುವುದಕ್ಕೆ ಮಿಲ್ಲಿನವರು ಹಿಂದಿನ ಗೋಡೆಯಲ್ಲಿ ಒಂದು ಪೈಪು ಇಟ್ಟಿದ್ದರು. ಅವರಿಗೆ ಅದು ಬೇಡದ ನೀರು, ನಮಗೆ ಪುಕ್ಕಟೆಯ ಹಂಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಕೆಮ್ಮಿದರೆ ಸಾಕು, ಹೆಂಗಸರೆಲ್ಲ ಕೊಡ, ಬಕೆಟ್ಟು, ಡಬ್ಬ ಹಿಡಿದು ಓಡುವುದು. ಹತ್ತಿಯ ಧೂಳು ಮೆತ್ತಿದ ಮೈಗೆ ಆ ನೀರಿನಷ್ಟು ಹಿತ ಬೇರೆ ಇರಲಿಲ್ಲ. ಆಗ ಅದು ಬೋರ್‌ವೆಲ್ಲಿನ ನೀರು, ಸ್ವಲ್ಪ ಸವುಳು ಅಷ್ಟೇ. ನಮ್ಮ ಸೀಮೆಯಲ್ಲಿ ಸವುಳಿಲ್ಲದ ನೀರು ಯಾರಿಗೆ ಸಿಕ್ಕಿದೆ?

ಅವ್ವ ಆ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಳು. ಸರಿಯೆನಿಸಿದರೆ “ಹ್ಞೂಂ” ಎನ್ನುತ್ತಿದ್ದಳು, ಅಷ್ಟೇ. ಆಮೇಲೆ ಬಚ್ಚಲಲ್ಲಿ ಮಣೆ ಹಾಕಿ ಕುಳಿತು ಎರಡೂ ಕಾಲು ಮುಂದಕ್ಕೆ ಚಾಚಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಕೂಸನ್ನು ಮುಂಗಾಲಿನ ಮೇಲೆ ಬೋರಲು ಹಾಕಿಕೊಳ್ಳುತ್ತಿದ್ದಳು. ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟಿನಿಂದ ಉಜ್ಜಿ, ತಂಬಿಗೆಯ ನೀರನ್ನು ಧಾರೆಯಾಗಿ ಬೆನ್ನಿನ ಮೇಲೆ ಬಿಡುತ್ತಿದ್ದಳು. ಮೊದಲು ಕಿರುಚುತ್ತಿದ್ದ ಕೂಸು ಮೂರನೆಯ ತಂಬಿಗೆಗೆ ಸುಮ್ಮನಾಗುತ್ತಿತ್ತು. ಮೂಗು ತೀಡಿ, ಹಣೆ ಒತ್ತಿ, ಕಡೆಯ ತಂಬಿಗೆಯನ್ನು ಮೂರು ಸುತ್ತು ಇಳಿಸಿ ಚೆಲ್ಲಿ, ಲೋಬಾನದ ಹೊಗೆಗೆ ಹಿಡಿದು, ಹಳೆ ಸೀರೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರೆ, ನನ್ನ ಮಗಳು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. “ಮಕ್ಕೊಂಡಳು ನೋಡು, ಜಮೀನ್ದಾರ್ತಿ” ಎಂದು ಅವ್ವ ನಗುತ್ತಿದ್ದಳು. ಬಾಣಂತಿಯ ಮೈಗೆ ಎರೆಯುವಾಗ ಮಾತ್ರ ಕರುಣೆ ಇರಲಿಲ್ಲ. ಬೆನ್ನಿಗೆ ಬಿದ್ದ ಏಟಿಗೆ ನಾನು ಅಯ್ಯೋ ಎಂದರೆ, “ನಿಮ್ಮವ್ವ ಇದ್ದಿದ್ರ ಇದಕ್ಕಿಂತ ಜೋರ್ ಹೊಡಿತಿದ್ಲು, ಸುಮ್ ಕುಂದ್ರು” ಎಂಬ ಬೈಗುಳ. ನಾನು ಅಳುತ್ತಿದ್ದೆ. ಏಟಿಗಲ್ಲ.

ಲೈನಿನ ಕೂಸುಗಳೆಲ್ಲ ಆ ಕಾಲಿನ ಮೇಲೆಯೇ ಮಲಗಿ ಎದ್ದವು. ಎರೆದದ್ದಕ್ಕೆ ಆಕೆ ಏನನ್ನೂ ಕೇಳುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಒಂದು ಸೀರೆ, ಒಂದು ಸೇರು ಜೋಳ, ಎಲೆ ಅಡಿಕೆ. “ಕೈಗುಣ ಚಲೋ ಐತಿ ಅವ್ವಂದು” ಎಂದರೆ ಆಕೆಯ ಮುಖ ಅರಳುತ್ತಿತ್ತು. ಗಂಡ ಬೇಗ ಸತ್ತ, ಮಕ್ಕಳಾಗದ ಆಕೆಗೆ ಇದ್ದ ಆಸ್ತಿ ಆ ಮಾತೊಂದೇ.

ಬೇಸಿಗೆ ಬಂತೆಂದರೆ ಮಿಲ್ಲಿನ ಬೋರ್‌ವೆಲ್ಲುಗಳು ಬತ್ತುತ್ತಿದ್ದವು. ಯುಗಾದಿ ಕಳೆಯುತ್ತಿದ್ದಂತೆ ಟವರ್ ನಿಲ್ಲುತ್ತಿತ್ತು, ಟವರ್ ನಿಂತರೆ ಮಿಲ್ಲು ನಿಲ್ಲುತ್ತಿತ್ತು. ಗಂಡಸರು ಗುಂಟೂರಿನ ಮೆಣಸಿನಕಾಯಿ ಮಂಡಿಗೋ ಬಳ್ಳಾರಿಯ ಕಡೆಗೋ ಕೂಲಿ ಹುಡುಕಿಕೊಂಡು ಹೋಗುತ್ತಿದ್ದರು. ಲೈನಿನಲ್ಲಿ ಉಳಿಯುತ್ತಿದ್ದದ್ದು ಹೆಂಗಸರು, ಮುದುಕರು, ನೊಣ. ಮಳೆ ಬರುವವರೆಗೆ ಪ್ರತಿ ಮನೆಯಲ್ಲೂ ಜಗಳ, ಫೋನಿನಲ್ಲಿ ಅಳು. ನನ್ನ ಮಗಳು ಅಪ್ಪನ ಮುಖ ಮರೆತು, ಬಂದಾಗ ಅವರನ್ನು ನೋಡಿ ಕಿರುಚಿಕೊಂಡದ್ದೂ ಒಂದು ಬೇಸಿಗೆಯ ನಂತರವೇ.

ಆಗ ಮಿಲ್ಲಿನವರು ಬೇರೆ ದಾರಿ ಹುಡುಕಿದರು. ಊರಿನ ಮೋರಿಗಳ ನೀರನ್ನು ಊರಾಚೆ ತೊಟ್ಟಿಗಳಲ್ಲಿ ತಿಳಿ ಮಾಡುತ್ತಿದ್ದರು. ಆ ನೀರನ್ನು ಪೈಪಿನಲ್ಲಿ ತಂದು ಟವರಿಗೆ ಹಾಕುವುದು ಎಂದಾಯಿತು. ಸುದ್ದಿ ಕೇಳಿದ ದಿನ ಲೈನು ಲೈನೇ ಮೂಗು ಮುಚ್ಚಿಕೊಂಡಿತು. “ನಮ್ ತಲಿ ಮ್ಯಾಗ ಮೋರಿ ನೀರು ಉದರಸ್ತಾರಂತ” ಎಂದು ಹಮಾಲಿಗಳು ಕೆಲಸಕ್ಕೆ ಹೋಗಲಿಲ್ಲ. ಟವರಿನ ತುಂತುರು ಗಾಳಿಗೆ ಹಾರಿ ಮೈಮೇಲೆ ಬೀಳುವುದು ನಿಜವೇ. ಶನಿವಾರ ಒಪ್ಪತ್ತು ಮಾಡುವವರು, ನಮಾಜಿಗೆ ಹೋಗುವವರು ಎಲ್ಲರೂ ಒಂದಾಗಿ ಗೇಟಿನ ಮುಂದೆ ಕುಳಿತರು. ಮ್ಯಾನೇಜರು ಬಂದು ತೆಲುಗಿನಲ್ಲಿ ಒಂದೇ ಮಾತು ಹೇಳಿದ: “ಈ ನೀಳ್ಳು ಒದ್ದಂಟೇ ಮಿಲ್ಲು ಲೇದು.” ಈ ನೀರು ಬೇಡವೆಂದರೆ ಮಿಲ್ಲೂ ಇಲ್ಲ. ಗುಂಟೂರು ಎಲ್ಲರ ಕಣ್ಣಮುಂದೆ ಬಂದಿರಬೇಕು. ಒಬ್ಬೊಬ್ಬರಾಗಿ ಎದ್ದರು.

ಆದರೂ ಮನಸ್ಸು ಒಪ್ಪಬೇಕಲ್ಲ? ಅದಕ್ಕೆ ಹಮಾಲಿಗಳ ಮೇಸ್ತ್ರಿ ಒಂದು ಉಪಾಯ ತೆಗೆದ. ನಮ್ಮಲ್ಲಿ ಹೊಸ ಬೋರಿಗೆ ನೀರು ಬಿದ್ದರೆ ಗಂಗಮ್ಮನ ಪೂಜೆ ಆಗದೆ ಒಂದು ಬೊಗಸೆಯನ್ನೂ ಬಳಸುವುದಿಲ್ಲ. ಪೂಜೆಯಾದ ಮೇಲೆ ಅದು ಬರೀ ನೀರಲ್ಲ. ಈ ನೀರಿಗೂ ಹಾಗೇ ಮಾಡೋಣ ಎಂದ. ಮಿಲ್ಲಿನವರಿಗೆ ಇನ್ನೇನು ಬೇಕು? ಹೊಸ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣ ಏರಿಸಿ, ಕಾಯಿ ಒಡೆದು, ಹೋಳಿಗೆ ನೈವೇದ್ಯ ಮಾಡಿದರು. ವಾಲ್ವು ತಿರುಗಿಸಿದ್ದು ನನ್ನ ಗಂಡ. ನೀರು ಬಂತು; ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ. ಮ್ಯಾನೇಜರು ಎಲ್ಲರೆದುರು ಒಂದು ಗ್ಲಾಸು ಕುಡಿದೇ ತೋರಿಸಿದ. ಮುತ್ತೈದೆಯರು ಬೊಗಸೆಯಲ್ಲಿ ಹಿಡಿದು ತಲೆಗೆ ಚಿಮುಕಿಸಿಕೊಂಡರು. ಹಿಂದಿನ ದಿನ ತಾನೆ ‘ಛೀ’ ಎಂದಿದ್ದ ಎರೆಯೋ ಅವ್ವ, ಹೋಳಿಗೆ ತಿನ್ನುತ್ತ ನನ್ನ ಕಿವಿಯಲ್ಲಿ ಹೇಳಿದಳು: “ಋಷಿ ಮೂಲ, ನದಿ ಮೂಲ ಕೇಳಬಾರದಂತ. ಪೂಜಿ ಆತಲ್ಲ, ಇನ್ನ ಆಕಿ ಗಂಗವ್ವನ.”

ಗೋಡೆಯ ಪೈಪಿನ ಮೇಲೆ ಮಿಲ್ಲಿನವರು ಒಂದು ಬೋರ್ಡು ಹಾಕಿದರು. ಕುಡಿಯಬಾರದು ಎಂದು ತೆಲುಗಿನಲ್ಲಿ ಬರೆದಿತ್ತು. ನಾವು ಮೊದಲೂ ಆ ನೀರನ್ನು ಕುಡಿದವರಲ್ಲ. ಕುಡಿಯಬಾರದೆಂದರೆ ಮೈಗೆ ಎರೆದುಕೊಳ್ಳಬಹುದು ಎಂದೇ ಎಲ್ಲರೂ ತಿಳಿದೆವು. ಟವರಿನಲ್ಲಿ ಪಾಚಿ ಕಟ್ಟದಂತೆ, ಪೈಪು ತುಕ್ಕು ಹಿಡಿಯದಂತೆ ಈಗ ಡ್ರಮ್ಮುಗಟ್ಟಲೆ ಔಷಧಿ ಬೆರೆಸುತ್ತಾರೆ, ಸುತ್ತಿ ಸುತ್ತಿ ಗಟ್ಟಿಯಾದ ಅದೇ ನೀರು ಗೋಡೆಯಾಚೆ ಬಂದು ಬೀಳುತ್ತದೆ ಎಂದು ಯಾರೂ ನಮಗೆ ಹೇಳಲಿಲ್ಲ. ನೀರು ಮೊದಲಿನಂತೆಯೇ ಬೆಚ್ಚಗಿತ್ತು. ಅವ್ವನ ಮೊಣಕೈಗೆ ತಿಳಿಯುತ್ತಿದ್ದದ್ದು ಬಿಸಿ ಒಂದೇ.

ಆ ಬೇಸಿಗೆ ಮಿಲ್ಲು ನಿಲ್ಲಲಿಲ್ಲ. ಅದನ್ನು ನಾನು ಮರೆಯುವವಳಲ್ಲ, ಆ ನೀರನ್ನು ಬಯ್ಯುವವಳೂ ಅಲ್ಲ. ಮೊದಲ ಸಲ ಲೈನಿನ ಗಂಡಸರೆಲ್ಲ ವೈಶಾಖದಲ್ಲಿ ಮನೆಯಲ್ಲಿದ್ದರು. ಸಂಜೆ ಕಟ್ಟೆಯ ಮೇಲೆ ಇಸ್ಪೀಟು, ಭಾನುವಾರ ಮಾಂಸದ ಸಾರಿನ ವಾಸನೆ. ನನ್ನ ಮಗಳು ಅಪ್ಪನ ಹೆಗಲಿನಿಂದ ಇಳಿಯಲಿಲ್ಲ. ನಾನು ಮತ್ತೆ ಬಸುರಿಯಾದದ್ದೂ ಆ ಬೇಸಿಗೆಯಲ್ಲೇ.

ಮೊದಲು ಒಂದು ಕೂಸಿನ ಮೈಮೇಲೆ ಗುಳ್ಳೆ ಎದ್ದವು. ಬೇಸಿಗೆಯ ಸೆಕೆಬೊಕ್ಕೆ ಎಂದರು. ಆಮೇಲೆ ಇನ್ನೊಂದು ಕೂಸಿನ ಕಣ್ಣುಗಳು ಕೀವು ಕಟ್ಟಿ ಅಂಟಿಕೊಂಡವು. ದೃಷ್ಟಿ ಎಂದರು. ಅವ್ವ ಬೇವಿನ ಎಲೆ ತರಿಸಿ, ಅದೇ ನೀರಿಗೆ ಹಾಕಿ, ಮೊದಲಿಗಿಂತ ಹೆಚ್ಚು ಹೊತ್ತು ಎರೆದಳು. ಪಾಪ, ಆಕೆಗೆ ಗೊತ್ತಿದ್ದ ಔಷಧಿ ಅದೊಂದೇ.

ಚಳಿಗಾಲಕ್ಕೆ, ನಮ್ಮ ಪಕ್ಕದ ಮನೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ಚೊಚ್ಚಲ ಗಂಡುಕೂಸು, ಹೊಕ್ಕುಳ ಇನ್ನೂ ಬಿದ್ದಿರಲಿಲ್ಲ. ಅವ್ವ ದಿನವೂ ಪೈಪಿನ ನೀರನ್ನೇ ಎರೆಯುತ್ತಿದ್ದಳು. ಒಂದು ಬೆಳಿಗ್ಗೆ ಹೊಕ್ಕುಳ ಕೆಂಪಾಗಿ ಊದಿತು. ಕೂಸು ಮೊಲೆ ಹಿಡಿಯದಾಯಿತು, ಮೈ ಸುಡತೊಡಗಿತು. ಆದವಾನಿಯಿಂದ ಕರ್ನೂಲಿನ ದೊಡ್ಡಾಸ್ಪತ್ರೆಗೆ ಒಯ್ದರು... ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ತಂದರು.

ಆ ಹುಡುಗಿ ಆಮೇಲೆ ನನ್ನ ಹೆಗಲಿಗೆ ಒರಗಿ ಹೇಳಿದ್ದು ಇದು. ಕರ್ನೂಲಿನ ಡಾಕ್ಟರು ಮೊದಲು ಕೇಳಿದ್ದೇ ನೀರಿನ ಬಗ್ಗೆ: “ಏ ನೀಳ್ಳು ಪೋಸ್ತುನ್ನಾರಮ್ಮಾ?” ಯಾವ ನೀರು ಎರೆಯುತ್ತೀರಿ ಎಂದು. ಆಕೆಯ ತಾಯಿ ತಕ್ಷಣ, ಮನೆಯಲ್ಲಿ ಕಾಯಿಸಿದ ನಳದ ನೀರು ಎಂದುಬಿಟ್ಟಳಂತೆ. “ನಮ್ಮವ್ವ ಯಾಕ ಹಂಗಂದ್ಲು ಅಕ್ಕಾ?” ಎಂದು ಹುಡುಗಿ ಕೇಳಿದಳು. ಆ ಮನೆಯಲ್ಲಿ ಅಪ್ಪ, ಇಬ್ಬರು ಅಣ್ಣಂದಿರು, ಒಬ್ಬ ಅಳಿಯ ನಾಲ್ವರೂ ಮಿಲ್ಲಿನಲ್ಲಿದ್ದರು. ನಾನು ಹುಡುಗಿಯ ತಲೆ ಸವರಿದೆ.

ಅಂದಿನಿಂದ ಲೈನಿನಲ್ಲಿ ಒಂದು ಮಾತು ಹರಿದಾಡಿತು. ಅವ್ವನ ಕೈಗುಣ ಕೆಟ್ಟಿತು. ವಯಸ್ಸಾಯಿತು, ಕೈ ನಡುಗುತ್ತದೆ, ಉಗುರು ತಾಗಿಸಿರಬೇಕು, ಯಾರದೋ ಸೂತಕದ ಮನೆಗೆ ಹೋಗಿ ಬಂದು ಎರೆದಿರಬೇಕು. ಬಾಯಿಗೊಂದು ಕಾರಣ. ಒಬ್ಬರೂ ನೀರು ಎನ್ನಲಿಲ್ಲ. ತಮಾಷೆ ನೋಡಿ, ಅದೇ ವಾರದಿಂದ ಒಬ್ಬೊಬ್ಬರೂ ಪೈಪಿನ ಕಡೆ ಹೋಗುವುದನ್ನು ಬಿಟ್ಟರು. ಮಕ್ಕಳಿರುವ ಮನೆಗಳಲ್ಲಿ ಒಲೆಯ ಮೇಲೆ ಹಂಡೆ ಬಂತು. ಸೌದೆ ಕೊಳ್ಳುವುದು ಯಾರಿಗೂ ಭಾರವಾಗಲಿಲ್ಲ. ಬಾಯಲ್ಲಿ ಕೈ ಅಂದರು, ಕೈಯಲ್ಲಿ ನೀರು ಮುಟ್ಟಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಗಂಡಸರು ಇದೇ ಮಾತು ಆಡುತ್ತಿದ್ದಾಗ ತುಂಬಿದ ಹೊಟ್ಟೆ ಹೊತ್ತುಕೊಂಡು ನಡುವೆ ಹೋಗಿ ನಿಂತೆ. “ಕೈ ಕೈ ಅಂತೀರಲ್ಲ, ನಿಮ್ಮನಿ ಕೊಡ ಯಾಕ ಪೈಪಿನ ಕಡಿ ಹೋಗವಲ್ದು? ನೀರು ನೋಡ್ರಿ ಮೊದ್ಲ! ಮ್ಯಾನೇಜರ್ ಹತ್ರ ಹೋಗಿ ಅದರಾಗ ಏನ್ ಹಾಕ್ತೀರಿ ಅಂತ ಕೇಳ್ರಿ!” ಎಂದೆ. ಮೇಸ್ತ್ರಿ ಕೆಟ್ಟವನಲ್ಲ, ಆ ಕೂಸಿನ ಗುಂಡಿ ತೋಡಿದವನೂ ಅವನೇ. ಬೀಡಿ ಆರಿಸಿ ಮೆಲ್ಲಗೆ ಹೇಳಿದ: “ನೀರು ಅಂದ್ರ ಮಿಲ್ ನಿಂದರತೈತಿ ತಂಗಿ. ಕೈ ಅಂದ್ರ...” ಅಲ್ಲಿಗೇ ನಿಲ್ಲಿಸಿದ. ಮುಂದಿನದನ್ನು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಎದುರು ಬಾಗಿಲಿನಲ್ಲಿ ಅವ್ವ ಅಕ್ಕಿ ಆರಿಸುತ್ತ ಕುಳಿತಿದ್ದಳು. ಆಕೆಗೆ ಕೇಳಿಸಿತು ಎಂಬುದು ಮೊರ ನಿಂತದ್ದರಿಂದ ತಿಳಿಯಿತು. ನನ್ನ ಗಂಡ ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅವ್ವ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನ ಮಿಲ್ಲಿನ ಗೇಟಿಗೆ ಹೋಗಿ ನಿಂತಳು. ನೀರಿನಲ್ಲಿ ಏನಿದೆ ಎಂದು ಮ್ಯಾನೇಜರ ಬಾಯಿಂದಲೇ ಲೈನಿಗೆ ಹೇಳಿಸಬೇಕು ಎಂಬುದೊಂದೇ ಆಕೆಯ ಬೇಡಿಕೆ. ಕಾವಲಿನವನು “ಬೋರ್ಡ್ ಹಾಕೀವಲ್ಲ ಅಜ್ಜಿ, ಇನ್ನೇನ್ ಬೇಕು ನಿನಗ?” ಎಂದು ಒಳಗೆ ಬಿಡಲಿಲ್ಲ. ಎಷ್ಟೋ ದಿನ ಹೋದಳು. ಆಮೇಲೆ ಬಾಣಂತಿಯರ ಬಾಗಿಲಿಗೆ ಹೋಗತೊಡಗಿದಳು. “ಒಂದ್ ಸಲ ಕೊಡ್ರವ್ವಾ. ನಿಮ್ಮನಿ ನೀರಾಗ, ನಿಮ್ ಕಣ್ಮುಂದ ಎರಿತೀನಿ. ಏನಾರ ಆದ್ರ ನನ್ನ ಕೈ ಕಡೀರಿ” ಎಂದು ಹೊಸ್ತಿಲಿನಲ್ಲಿ ಕೂತು ಕೇಳುತ್ತಿದ್ದಳು. ಅದೇ ಕಾಲಿನ ಮೇಲೆ ಮಲಗಿ ಬೆಳೆದ ಹುಡುಗಿಯರೇ ಒಳಗಿನಿಂದ ಕೂಸು ಮಲಗಿದೆ ಎಂದು ಸುಳ್ಳು ಹೇಳುತ್ತಿದ್ದರು. ಕೂಸಿನ ಅಳು ಬೀದಿಗೆ ಕೇಳಿಸುತ್ತಿತ್ತು.

ಕಡೆಗೆ ಅವ್ವ ತನ್ನದೇ ಒಂದು ಪರೀಕ್ಷೆ ಹೂಡಿದಳು. ನೀರು ಕೆಟ್ಟದ್ದಾದರೆ ತನ್ನ ಮೈಗೂ ಗುಳ್ಳೆ ಏಳಬೇಕಲ್ಲ ಎಂದು ದಿನವೂ ಆ ಪೈಪಿನ ಕೆಳಗೆ ಕುಳಿತು ಎರೆದುಕೊಳ್ಳತೊಡಗಿದಳು. ಇಡೀ ಲೈನು ನೋಡಲೆಂದೇ ಹಗಲಲ್ಲಿ, ಸೀರೆಯಲ್ಲೇ. ಆಮೇಲೆ ಬಂದು ನನಗೆ ತೋಳು ಚಾಚಿ ತೋರಿಸುತ್ತಿದ್ದಳು. “ನೋಡವಾ, ಎದ್ದಾವೇನು?” ಅರವತ್ತು ವರ್ಷ ಬಿಸಿಲು, ಧೂಳು, ಸುಣ್ಣ, ಸೋಡಾ ತಿಂದ ಚರ್ಮ ಅದು. ಅದರ ಮೇಲೆ ಏನು ಏಳುತ್ತದೆ? “ಅವ್ವಾ, ನಿನ್ ಚರ್ಮ ಬ್ಯಾರೆ, ಹಸಗೂಸಿನ ಚರ್ಮ ಬ್ಯಾರೆ” ಎಂದು ಎಷ್ಟು ಹೇಳಿದರೂ ಆಕೆಯ ತಲೆಗೆ ಹೋಗಲಿಲ್ಲ. ದಿನ ಕಳೆದಂತೆ ತೋರಿಸುವುದನ್ನು ಬಿಟ್ಟಳು. ತಾನೇ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಬಂದು ನಿಂತು, ಯಾರದೋ ಸುದ್ದಿ ಹೇಳಿದಂತೆ, “ನೀರು ನನಗೇನೂ ಮಾಡಲಿಲ್ಲವ್ವ” ಎಂದಳು. ಲೈನು ಹೊರಿಸಿದ ಸುಳ್ಳನ್ನು ಆಕೆ ನಂಬಲು ಶುರುಮಾಡಿದ್ದಳು.

ಮಾಘದಲ್ಲಿ ನನಗೆ ಮಗ ಹುಟ್ಟಿದ. ಆಸ್ಪತ್ರೆಯಿಂದ ಬಂದ ದಿನವೇ ನಾನು ಗಂಡನಿಗೆ ಹೇಳಿದೆ, ನನ್ನ ಕೂಸಿಗೆ ಎರೆಯುವವಳು ಅವ್ವನೇ ಎಂದು. ಅವರು “ನಳದ ನೀರು ನಾನ ಕಾಸಿ ಕೊಡ್ತೀನಿ” ಎಂದರು. ನನ್ನ ಲೆಕ್ಕ ಸರಳವಾಗಿತ್ತು. ಲೈನಿನ ಹೆಂಗಸರೆಲ್ಲ ನೋಡಲಿ, ಈ ಕೂಸು ನಗುನಗುತ್ತ ಬೆಳೆಯಲಿ, ಅವ್ವನ ಕೈ ಅವ್ವನಿಗೆ ಮರಳಲಿ. ಹೊಕ್ಕುಳ ಬಿದ್ದ ಮೇಲೆ ಒಂದು ಬೆಳಿಗ್ಗೆ ಗಂಡ ಹಂಡೆಯಲ್ಲಿ ನೀರು ಕುದಿಸಿ ಆರಿಸಿದರು. ನಾನು ಬಾಗಿಲು ತೆರೆದೇ ಇಟ್ಟು, ಎದುರು ಮನೆಗೆ ಹೋಗಿ ಅವ್ವನನ್ನು ಕೈಹಿಡಿದು ಕರೆದುಕೊಂಡು ಬಂದೆ. ಪಕ್ಕದ ಮನೆಯವರು, ಮೇಸ್ತ್ರಿಯ ಹೆಂಡತಿ, ಇನ್ನೂ ಕೆಲವರು ಅಂಗಳದಲ್ಲಿ ನಿಂತರು.

ಅವ್ವ ಒಗೆದ ಸೀರೆ ಉಟ್ಟಿದ್ದಳು. ಉಗುರುಗಳನ್ನು ರಕ್ತ ಬರುವಷ್ಟು ಕತ್ತರಿಸಿಕೊಂಡಿದ್ದಳು. ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ನಾನು ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದೆ. ಮೊಣಕೈಯನ್ನು ನೀರಿಗೆ ಅದ್ದಿದಳು, “ಹ್ಞೂಂ” ಎನ್ನಲಿಲ್ಲ. ಮತ್ತೆ ಅದ್ದಿದಳು. ತಂಬಿಗೆ ತುಂಬಿ ಎತ್ತಿದಳು. ಮಗ ಚಳಿಗೆ ಕಿರುಚತೊಡಗಿದ. ತಂಬಿಗೆ ಗಾಳಿಯಲ್ಲೇ ನಿಂತಿತು. ಆ ಕೈ ನಡುಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನೀರು ಅಂಚಿನಿಂದ ತುಳುಕಿ ಆಕೆಯ ಸೀರೆಯ ಮೇಲೇ ಬಿತ್ತು.

“ಎರಿ ಅವ್ವಾ” ಎಂದೆ. “ನಾನಿದೀನಿ, ಎರಿ.”

ಅವ್ವ ತಂಬಿಗೆಯನ್ನು ಕೆಳಗಿಟ್ಟಳು. “ಒಯ್ಯವ್ವಾ... ಕೂಸಿನ ಒಯ್ಯಿ” ಎಂದಳು. “ನನಗ ಅಂಜಿಕಿ ಬರ್ತೈತಿ. ನನ್ ಕೈಗೇ ನಾ ಅಂಜತೀನಿ.”

ನಾನು ಬೇಡಿಕೊಂಡೆ, ಬೈದೆ, ಅತ್ತೆ. ಎರಡೂ ಕೈಗಳನ್ನು ಕಂಕುಳಿನಲ್ಲಿ ಇಟ್ಟುಕೊಂಡು ಕುಳಿತ ಆಕೆ ಅವನ್ನು ಹೊರಗೆ ತೆಗೆಯಲಿಲ್ಲ. ಕಡೆಗೆ ನಾನೇ ಕೂಸನ್ನು ಎತ್ತಿಕೊಂಡೆ. ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ನಾವು ಅಂದದ್ದೇ ನಿಜ ಎಂಬ ಸಮಾಧಾನ ಕೆಲವರ ಬೆನ್ನಿನ ಮೇಲೂ ಕಾಣುತ್ತಿತ್ತು. ಆ ಬೆನ್ನುಗಳನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಮಗನಿಗೆ ಅವತ್ತು ಮೈ ಒರೆಸಿದ್ದಷ್ಟೇ.

ಆ ವಾರವೇ ಅವ್ವ ಪೆದ್ದಹರಿವಾಣಂನ ತಮ್ಮನ ಮನೆಗೆ ಹೊರಟಳು. ಒಂದು ಗಂಟು, ಒಂದು ಮಣೆ. ಬಸ್‌ಸ್ಟ್ಯಾಂಡಿಗೆ ನಾನೊಬ್ಬಳೇ ಹೋದೆ. ಬಸ್ಸು ಹತ್ತುವಾಗ ಮಣೆಯನ್ನು ನನ್ನ ಕೈಗೆ ಕೊಡಲು ನೋಡಿದಳು, ನಾನು ತೆಗೆದುಕೊಳ್ಳಲಿಲ್ಲ. ಬೇಕಾಗುತ್ತದೆ, ಇಟ್ಟುಕೋ ಎಂದೆ. ಆಕೆ ಮಣೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಳು...

ಮುಂದಿನ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು ಎಂದು ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ತಮ್ಮನ ಸೊಸೆ ಚಹಾ ಕೊಟ್ಟು, ಅತ್ತೆಮ್ಮ ಮನೆಯ ಕೆಲಸವೆಲ್ಲ ಮಾಡುತ್ತಿದ್ದರು, ಎಳೆಗೂಸುಗಳನ್ನು ಕಂಡರೆ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು ಎಂದಳು. “ಪಕ್ಕದ ಮನ್ಯಾಗ ಬಾಣಂತಿ ಇದ್ರ ಆ ಕಡಿ ಬಾಗಿಲಾಗ ಕುಂದ್ರತಿದ್ದಿಲ್ರಿ. ಯಾಕಂತ ನಮಗ ಗೊತ್ತಿಲ್ಲ. ಏನಾಗಿತ್ರೀ ಅಲ್ಲಿ?” ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಆಕೆ ಒಲೆಯ ಮುಂದೆ ಕುಳಿತು ಕೇಳಿದಳು, ಕೊನೆಗೆ ಕಣ್ಣೊರೆಸಿಕೊಂಡಳು. ಕೇಳಬೇಕಾದವಳು ಇರಲಿಲ್ಲ.

ಈಗಲೂ ನಾವು ಅದೇ ಲೈನಿನಲ್ಲಿದ್ದೇವೆ. ಟವರ್ ಅದೇ ನೀರಿನಲ್ಲಿ ನಡೆಯುತ್ತದೆ, ಬೇಸಿಗೆಯಲ್ಲಿ ಯಾರೂ ಗುಂಟೂರಿಗೆ ಹೋಗುವುದಿಲ್ಲ. ಗೋಡೆಯ ಪೈಪು ಮಾತ್ರ ಇಷ್ಟು ವರ್ಷವೂ ಬೆಳಿಗ್ಗೆ, ಸಂಜೆ ಯಾರಿಗೂ ಬೇಡದ ನೀರು ಸುರಿಸುತ್ತಲೇ ಇತ್ತು. ಈ ಯುಗಾದಿಯ ಮುಂಚೆ ಲೈನಿನ ಮುಂದೆ ಸಿಮೆಂಟ್ ರಸ್ತೆ ಹಾಕಲು ಬಂದವರು, ನೀರು ನಿಂತರೆ ರಸ್ತೆ ಕೆಡುತ್ತದೆ, ಈ ಪೈ‌ಪನ್ನು ಮುಚ್ಚಿ ಎಂದರಂತೆ. ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ಕೈತೊಳೆಯುತ್ತ ಅದನ್ನೇ ಹೇಳಿದರು. ಪೈಪಿನ ಬಾಯಿ ಮುಚ್ಚಿ, ಒಳಗಿನಿಂದಲೇ ನೆಲದಡಿಯ ಚರಂಡಿಗೆ ತಿರುಗಿಸಿ ಬಂದಿದ್ದರು.

“ಮಿಲ್ ಎಷ್ಟೊತ್ತು ನಿಂತಿತ್ರೀ?” ಎಂದೆ.

“ಯಾಕ ನಿಂದರತೈತಿ?” ರೊಟ್ಟಿ ಮುರಿಯುತ್ತ ನಕ್ಕರು. “ಪೈಪ್ ತಿರುಗ್ಸಾಕ ಒಂದು ಬೆಂಡು, ನಾಕ್ ಬೋಲ್ಟು. ಟವರ್ ನಡದೇ ಇತ್ತು.”

ಹೇಳಿದ ಮೇಲೆ ಅವರಿಗೂ ಹೊಳೆಯಿತೇನೋ, ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಹಿಂದಿನ ಗೋಡೆಯಾಚೆ ಟವರಿನ ನೀರು ಉದುರುವ ಸದ್ದು ಕೇಳಿಸುತ್ತಿತ್ತು. ಒಂದು ಬೆಂಡು, ನಾಲ್ಕು ಬೋಲ್ಟು. ಅಷ್ಟಕ್ಕೆ ಆಗುವ ಕೆಲಸಕ್ಕೆ ನಾವು ಎರೆಯೋ ಅವ್ವನ ಎರಡು ಕೈಗಳನ್ನು ಕೊಟ್ಟಿದ್ದೆವು.